ಹೊರಗಿನಿಂದಲೇ ಪೂಜೆ

ನಾನು ಒಂದು ಉಕ್ಕಿನ ಪೆಟ್ಟಿಗೆ. ನೋಡಿದವರು ಪುಟ್ಟ ಫ್ರಿಜ್ಜು ಎಂದುಕೊಳ್ಳುತ್ತಾರೆ. ಆದರೆ ನನ್ನ ಹೊಟ್ಟೆ ಸದಾ ಬೆಚ್ಚಗೆ. ಹುಟ್ಟಿದ್ದು ಪುಣೆಯ ಕಾರ್ಖಾನೆಯಲ್ಲಿ. ಬೆಸುಗೆಯವನು ನನ್ನ ಸಂದುಗಳಿಗೆಲ್ಲ ಸೋಪಿನ ನೀರು ಸವರಿ, ಒಂದು ಗುಳ್ಳೆಯೂ ಏಳದ್ದನ್ನು ಕಂಡು ಬೆನ್ನು ತಟ್ಟಿದ. ಸುಳ್ಳೇಕೆ ಹೇಳಲಿ, ಅಷ್ಟಕ್ಕೇ ಬೀಗಿದೆ.

ಧಾರವಾಡದ ಪ್ರಯೋಗಾಲಯಕ್ಕೆ ಬಂದಾಗ ನೈಟ್ರೋಜನ್ ಸಿಲಿಂಡರ್ ನನಗೆ ಜೊತೆಯಾಯಿತು. ಹೊರಗಿನ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಆಮ್ಲಜನಕ. ನೈಟ್ರೋಜನ್ ಅದನ್ನು ಹೊರದೂಡಿ ನನ್ನೊಳಗೆ ಒಂದೇ ಪಾಲು ಉಳಿಸುತ್ತದೆ. ಈ ಉಪವಾಸ ನನ್ನೊಳಗಿನ ತಟ್ಟೆಗಳಲ್ಲಿ ಬೆಳೆಸುವ ಬಾಯಿಯ ಕ್ಯಾನ್ಸರಿನ ಜೀವಕೋಶಗಳಿಗೆ. ಗೆಡ್ಡೆ ಒತ್ತೊತ್ತಾಗಿ ಬೆಳೆದಾಗ ನಡುವಿನ ಕೋಶಗಳಿಗೆ ಉಸಿರು ಸಿಗುವುದಿಲ್ಲ. ಆದರೂ ಎಷ್ಟೋ ಕೋಶಗಳು ಸಾಯುವ ಬದಲು ಇನ್ನಷ್ಟು ಪುಂಡಾಟಕ್ಕೆ ಇಳಿಯುತ್ತವೆ.

ಅದೇಕೆ ಎಂದು ಬೆನ್ನು ಹತ್ತಿದವಳು ಪಿಎಚ್.ಡಿ. ಮಾಡುತ್ತಿದ್ದ ನೀಲಗಂಗಾ. ಅಟೆಂಡರ್ ಫಕ್ಕೀರಪ್ಪನಿಗೆ ಒಮ್ಮೆ ಅವಳು ಹೇಳಿದ್ದು ನನಗೂ ತಿಳಿಯಿತು.

"ಡಿಎನ್ಎ ಅಂದ್ರ ಒಂದು ದೊಡ್ಡ ಪುಸ್ತಕ ಅನ್ಕೋರಿ ಕಾಕಾ. ಕೆಲವು ಸಾಲಿನ ಮ್ಯಾಲೆ 'ಇದನ್ನ ಓದಬ್ಯಾಡ' ಅಂತ ಸಣ್ಣ ಗುರುತು ಬೀಳ್ತಾವ. ಮೀಥೈಲ್ ಗುರುತು ಅಂತಾರ. ಅದನ್ನ ಅಳಸೋ ಎಂಜೈಮಿಗೆ ಆಕ್ಸಿಜನ್ ಬೇಕು. ಇಲ್ಲಂದ್ರ ಕೈ ಕಟ್ಟಿ ಕೂಡ್ತದ. ಗುರುತು ಹೆಚ್ಚಾಗಿ, ಕ್ಯಾನ್ಸರ್ ತಡಿಯೋ ಸಾಲೂ ಮುಚ್ಚಿಹೋಗ್ತಾವ."

ಬೇರೆ ಗೆಡ್ಡೆಗಳಲ್ಲಿ ಇದನ್ನು ಕಂಡವರಿದ್ದರು. ತನ್ನ ಕೋಶಗಳಲ್ಲೂ ಹೀಗೆಯೇ ಆಗುತ್ತದೆಯೇ ಎಂದು ಖಚಿತವಾಗಿ ತಿಳಿಯುವುದು ಅವಳ ಹಟ. ಪಿಎಚ್.ಡಿ. ಮುಗಿಸಲು ಅವಳಿಗೆ ಉಳಿದಿದ್ದು ನಾಲ್ಕೇ ತಿಂಗಳು.

ಅಷ್ಟರಲ್ಲಿ ಆಯುಧಪೂಜೆ ಬಂತು. ತಕ್ಕಡಿ, ಮೈಕ್ರೋಸ್ಕೋಪುಗಳಿಗೆಲ್ಲ ವಿಭೂತಿ ಹಚ್ಚಿ ಫಕ್ಕೀರಪ್ಪ ನನ್ನ ಬಳಿ ಬಂದ. ಒಳಗೂ ಮಡಿಯಾಗದೆ ಪೂಜೆಯೆಂಥದು ಎಂಬುದು ಅವನ ನಂಬಿಕೆ. ಬಾಗಿಲು ತೆರೆದು ಒಳಗೋಡೆ ಒರೆಸಿದ, ಊದುಬತ್ತಿ ಬೆಳಗಿದ, ಮುಚ್ಚಿ ಹೊರಗೆ ಕುಂಕುಮವಿಟ್ಟ. ಪೂರಾ ಹನ್ನೊಂದು ನಿಮಿಷ. ಹೊರಗಿನ ಗಾಳಿ ಒಳನುಗ್ಗಿತೆಂದು ನಾನು ಕೀ ಕೀ ಎಂದು ಅರಚಿಕೊಂಡೆ. ಪಕ್ಕದ ಕೋಣೆಯ ಪೂಜೆಯ ಗಂಟೆಯ ಸದ್ದಿನಲ್ಲಿ ಅದು ಅವನಿಗೆ ಕೇಳಿಸಲೇ ಇಲ್ಲ.

ನೀಲಗಂಗಾ ಬರುವಷ್ಟರಲ್ಲಿ ನನ್ನ ಫಲಕದಲ್ಲಿ ಮತ್ತೆ ಒಂದೇ ಪಾಲು. ಕುಂಕುಮ ನೋಡಿ ನಗುತ್ತಲೇ ಕೇಳಿದಳು: "ಒಳಗ ಕೈ ಹಾಕಿಲ್ಲಲ್ಲ ಕಾಕಾ?"

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನೋಡಿದವರು ಯಾರೂ ಇರಲಿಲ್ಲ.

"ಹಾಕೀನ್ರೀ ಅಕ್ಕಾರ. ಛಲೋತ್ನಂಗ ಒರಸೀನಿ. ತಪ್ಪಾತೇನ್ರಿ?"

ಅವಳು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತಳು. ಅವಳು ಬಾಯಿ ಮುಚ್ಚಿಕೊಂಡಿದ್ದರೂ ಗೈಡ್ ಮೇಡಂಗೆ ಗೊತ್ತಾಗುತ್ತಿರಲಿಲ್ಲ. ಆದರೂ ಎದ್ದು ನೋಟ್‌ಬುಕ್ಕಿನಲ್ಲಿ 'ಬಾಗಿಲು ತೆರೆದಿತ್ತು' ಎಂದು ಬರೆದಳು. ಉಪವಾಸ ಮುರಿದ ಕೋಶಗಳ ತಟ್ಟೆಗಳನ್ನೆಲ್ಲ ಬ್ಲೀಚಿಗೆ ಸುರಿದಳು.

"ಮೊದಲಿಂದ ಮಾಡೋಣು," ಎಂದಳು. ನನ್ನದು ಉಕ್ಕಿನ ಮೈ. ಆದರೂ ಅವರಿಬ್ಬರಷ್ಟು ಗಟ್ಟಿ ನಾನಲ್ಲ ಎಂದು ಆ ದಿನ ಒಪ್ಪಿಕೊಂಡೆ.

ಅಂದಿನಿಂದ ಫಕ್ಕೀರಪ್ಪ ನನ್ನ ಕಾವಲಿಗೆ ನಿಂತ. ಗೈಡ್ ಮೇಡಂ ಹತ್ತಿರ ಬಂದರೂ "ಬಾಗಲಾ ಮುಟ್ಟಬ್ಯಾಡ್ರೀ ಬಾಯಾರ" ಎನ್ನುತ್ತಿದ್ದ. ಕೊನೆಯ ವಾರ ಉತ್ತರ ಬಂತು. ಉಸಿರಿಲ್ಲದ ಕೋಶಗಳಲ್ಲಿ ಗುರುತು ಹೆಚ್ಚು, ತಡೆಯುವ ಸಾಲುಗಳು ಮೂಕ. ಮೂರು ಸಲ ಮಾಡಿದರೂ ಅದೇ. ನೀಲಗಂಗಾ ನನ್ನ ಬಾಗಿಲಿಗೆ ಹಣೆ ಹಚ್ಚಿ ಅತ್ತಳು. ನನಗೂ ಕಣ್ಣಿದ್ದಿದ್ದರೆ ಅಳುತ್ತಿದ್ದೆ.

ಈಗ ನನ್ನ ರಬ್ಬರ್ ಪಟ್ಟಿ ಬಿರಿದಿದೆ, ಹೊಸ ಯಂತ್ರ ಬಂದಿದೆ. ನಾನು ಮೆಟ್ಟಿಲ ಕೆಳಗೆ ಕೂತಿದ್ದೇನೆ. ಇಪ್ಪತ್ತೊಂದು ಪಾಲೂ ನನ್ನೊಳಗೆ ಸಲೀಸಾಗಿ ಓಡಾಡುತ್ತದೆ. ಈ ವರ್ಷದ ಆಯುಧಪೂಜೆಗೂ ಫಕ್ಕೀರಪ್ಪ ವಿಭೂತಿ ಹಿಡಿದು ಬಂದ. ಜೊತೆಗಿದ್ದ ಸ್ಟೋರಿನ ಗುಮಾಸ್ತೆ, "ಖಾಲಿ ಅದಲ್ರಿ, ತೆಗದು ಒಳಗೂ ಒರಸ್ರಿ" ಎಂದರು.

ಫಕ್ಕೀರಪ್ಪ ನನ್ನ ಬಾಗಿಲಿಗೆ ಅಂಗೈ ಒತ್ತಿ ಹಿಡಿದ.

"ಬ್ಯಾಡ್ರಿ. ಇದರ ಪೂಜಿ ಹೊರಗಿಂದನ."