ಪೆದ್ದಪ್ಪನವರ ಜೀಪಿನ ಮುಂದಿನ ಶಾಫ್ಟು

ಮುಳಬಾಗಿಲಿನಿಂದ ಬೈರಕೂರಿಗೆ ಹೋಗುವ ರಸ್ತೆಯಲ್ಲಿ ಅಬ್ದುಲ್ ರಜಾಕ್ ಸಾಬರ ಗ್ಯಾರೇಜಿದೆ. ಬೈರಕೂರಿನ ಕೋದಂಡರಾಮಪ್ಪ ವಾರಕ್ಕೆರಡು ಸಲವಾದರೂ ಅಲ್ಲಿಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಜೀಪಿಗೆ ಏನೋ ಆಗಿದೆ ಎಂದು ಬರುತ್ತಿರಲಿಲ್ಲ, ಭಾಷಣ ಮಾಡಲು ಬರುತ್ತಿದ್ದರು. ಭಾಷಣದ ವಿಷಯವೂ ಒಂದೇ: ಅಸಲಿ ಫೋರ್ ವೀಲ್ ಗಾಡಿ ಅಂದರೆ ಯಾವುದು.

“ಚಾಸಿ ಬೇರೆ, ಬಾಡಿ ಬೇರೆ ಇರ್ಬೇಕು. ಹೊಟ್ಟೆ ನೆಲಕ್ಕೆ ತಾಗ್ಬಾರ್ದು. ಲೋ ಗೇರ್ ಇರ್ಬೇಕು, ಅದಕ್ಕೆ ಅಂತಾನೇ ಇನ್ನೊಂದು ಲಿವರ್ ಇರ್ಬೇಕು. ನಾಲ್ಕು ಚಕ್ರಾನೂ ಇಂಜಿನ್ನೇ ತಿರುಗಿಸ್ಬೇಕು. ಮಿಕ್ಕಿದ್ದೆಲ್ಲಾ ಎತ್ತರದ ಕಾರು ಅಷ್ಟೇ. ಏನಂತೀರಿ ಸಾಬ್ರೇ?”

“ಹೌದು ರಾಮಪ್ಪನೋರೇ,” ಎನ್ನುತ್ತಿದ್ದರು ರಜಾಕ್ ಸಾಬರು.

ಭಾಷಣದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸುಳ್ಳಿದ್ದದ್ದು ಜೀಪಿನಲ್ಲಿ. ಇಪ್ಪತ್ತಾರು ವರ್ಷದ ಹಿಂದೆ ಕೋದಂಡರಾಮಪ್ಪನವರ ತಂದೆ ಪೆದ್ದಪ್ಪನವರು ಇದೇ ಗ್ಯಾರೇಜಿಗೆ ಬಂದು, “ಡೀಸೆಲ್ ಕುಡೀತಾ ಇದೆ ಕಣಯ್ಯಾ, ಮುಂದಿನ ಶಾಫ್ಟ್ ಬಿಚ್ಚಾಕು,” ಎಂದಿದ್ದರು. ಇಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುವುದೇ ಆ ಶಾಫ್ಟಿನಿಂದ. ಆ ಕಾಲದಲ್ಲಿ ಈ ಸೀಮೆಯ ಅರ್ಧಕ್ಕರ್ಧ ಜೀಪುಗಳ ಶಾಫ್ಟು ಹಾಗೇ ಬಿಚ್ಚಿ ಗುಜರಿಗೆ ಹೋಗಿತ್ತು. “ನನ್ನ ಮಗನಿಗೆ ಮಾತ್ರ ಹೇಳ್ಬೇಡ, ಆ ಲಿವರ್ ಅಂದ್ರೆ ಅವನಿಗೆ ಪ್ರಾಣ,” ಎಂದು ಕೈಮೇಲೆ ಕೈ ಇಡಿಸಿಕೊಂಡು ಹೋದ ಪುಣ್ಯಾತ್ಮರು ಆಮೇಲೆ ತೀರಿಯೂ ಹೋದರು. ಮಗ ಅಂದಿನಿಂದ ಗಾಡಿ ಹತ್ತಿದ ತಕ್ಷಣ ಆ ಪುಟ್ಟ ಲಿವರನ್ನು ಎಳೆದು ಫೋರ್ ವೀಲಿಗೆ ಹಾಕುವುದು, ತೋಟದ ದಿಣ್ಣೆ ಹತ್ತಿಸುವುದು, ತಾರು ರಸ್ತೆಯಲ್ಲೂ ಹಾಗೇ ಓಡಿಸುವುದು. ಲಿವರಿನ ಆಚೆ ತುದಿಯಲ್ಲಿ ಏನೂ ಇಲ್ಲದಿದ್ದುದರಿಂದ ಯಾರಿಗೂ ನಷ್ಟವಿರಲಿಲ್ಲ.

ಗ್ರಹಚಾರ ಬಂದದ್ದು ಬಾಮೈದನ ರೂಪದಲ್ಲಿ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿರುವ ಮುರಳಿಮೋಹನ್ ಹೊಸದೊಂದು ದೊಡ್ಡ ಗಾಡಿ ತಂದು, ಹಿಂದೆ ‘ಫೋರ್ ಬೈ ಫೋರ್’ ಅಂತ ಸ್ಟಿಕ್ಕರ್ ಅಂಟಿಸಿಕೊಂಡಿದ್ದ. ಒಳಗೊಂದು ಗುಂಡಿ, ತಿರುಗಿಸಿದರೆ ಹಿಮ, ಮರಳು, ಕೆಸರು ಅಂತ ಪರದೆಯ ಮೇಲೆ ಬರುತ್ತಿತ್ತು.

“ಶ್ರೀನಿವಾಸಪುರದಲ್ಲಿ ಹಿಮ ಬಿದ್ದಾಗ ಹೇಳಪ್ಪಾ, ಸ್ವೆಟರ್ ಹಾಕ್ಕೊಂಡು ಬರ್ತೀನಿ,” ಎಂದರು ಭಾವ, ತುಂಬಿದ ಮಂಡಿಯಲ್ಲಿ.

ಮುರಳಿಗೆ ಉರಿಯಿತು. ಮಾತಿಗೆ ಮಾತು ಬೆಳೆದು ಪಂದ್ಯವೇ ಆಗಿಹೋಯಿತು. ಬರುವ ಭಾನುವಾರ ದೇವರಾಯಸಮುದ್ರದ ಕೆರೆಯಂಗಳದ ಕೆಸರು ದಾಟಬೇಕು. ಮುರಳಿ ಸೋತರೆ ಎಲ್ಲರ ಮುಂದೆ ಸ್ಟಿಕ್ಕರ್ ಕೀಳಬೇಕು. ಭಾವ ಸೋತರೆ ಜೀಪು ಗುಜರಿಗೆ.

ಸುದ್ದಿ ಕೇಳಿದ ರಜಾಕ್ ಸಾಬರಿಗೆ ಅನ್ನ ಸೇರಲಿಲ್ಲ. ಜೀಪು ಹೂತುಕೊಂಡರೆ ನಾಲ್ಕು ಜನ ಬಗ್ಗಿ ನೋಡುತ್ತಾರೆ, ಶಾಫ್ಟಿಲ್ಲದ್ದು ಕಾಣುತ್ತದೆ. ಐವತ್ತು ವರ್ಷ ಸಂಪಾದಿಸಿದ್ದು ಒಂದೇ ಒಂದು, ರಜಾಕ್ ಸಾಬ್ ಹೇಳಿದರೆ ಮುಗಿಯಿತು ಅನ್ನುವ ಹೆಸರು. ಅದು ಅದೇ ಕೆಸರಿನಲ್ಲಿ ಹೋಗುತ್ತದೆ. ಕೋದಂಡರಾಮಪ್ಪನವರ ಮುಖ ಆಗ ಹೇಗಾದೀತು ಎಂದು ನೆನೆದರೆ ಇನ್ನೂ ಸಂಕಟ. ಎಷ್ಟಾದರೂ ಬೆಂಚಿನ ಸ್ನೇಹ.

“ಕ್ಲಚ್ ಪ್ಲೇಟ್ ನೋಡ್ಬೇಕು, ಎರಡು ದಿನ ಬಿಟ್ಟೋಗಿ,” ಎಂದು ಜೀಪು ಇಟ್ಟುಕೊಂಡರು. ಕೋಲಾರದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಅಳತೆ ಹೊಂದುವ ಶಾಫ್ಟೊಂದನ್ನು ಹುಡುಕಿ, ಕಪ್ಪು ಬಣ್ಣ ಬಳಿದು, ಕೂರಿಸಿದರು. ನಾಲ್ಕೂ ಚಕ್ರ ಮೇಲೆತ್ತಿ, ಇಂಜಿನ್ ಚಾಲೂ ಮಾಡಿ, ಲಿವರ್ ಎಳೆದಾಗ ಮುಂದಿನ ಚಕ್ರಗಳು ಗಿರ್ರನೆ ತಿರುಗಿದವು. ಎಪ್ಪತ್ತರ ಮುದುಕರಿಗೆ ಕಣ್ಣಲ್ಲಿ ನೀರು ಬಂತು.

ನೀರು ಒರೆಸಿಕೊಳ್ಳುವಾಗಲೇ ಇನ್ನೊಂದು ಯೋಚನೆಯೂ ಬಂತು. ಅಸಲಿ ಫೋರ್ ವೀಲನ್ನು ತಾರು ರಸ್ತೆಯಲ್ಲಿ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗಬೇಕು, ಹಿಂದಿನದು ಕಡಿಮೆ. ಕೆಸರಾದರೆ ಚಕ್ರ ಜಾರಿ ಲೆಕ್ಕ ಸರಿಹೋಗುತ್ತದೆ. ತಾರಿನ ಮೇಲೆ ಜಾರದು, ಒಳಗೇ ತಿರುಚಿಕೊಂಡು ಏನಾದರೊಂದು ಮುರಿಯುತ್ತದೆ. ಸಾಲದ್ದಕ್ಕೆ ಜೀಪಿನ ಮುಂದಿನ ಟೈರು ಹೊಸದು, ಹಿಂದಿನದು ಬೋಳು; ಸುತ್ತಳತೆಯೇ ಬೇರೆ, ನೇರ ರಸ್ತೆಯಲ್ಲೂ ಲೆಕ್ಕ ಕೂಡದು.

“ಇನ್ಮೇಲೆ ತಾರು ರೋಡಲ್ಲಿ ಆ ಲಿವರ್ ಹಾಕ್ಬೇಡಿ ರಾಮಪ್ಪನೋರೇ,” ಎಂದರು ಭಾನುವಾರ ಬೆಳಗ್ಗೆ, ಜೀಪು ಹತ್ತುತ್ತಾ.

“ಇಪ್ಪತ್ತಾರು ವರ್ಷದಿಂದ ಹಾಕ್ತಾ ಇದೀನಿ, ಏನಾಗಿದೆ? ನನಗೇ ಫೋರ್ ವೀಲ್ ಹೇಳ್ಕೊಡ್ತೀರಾ ಸಾಬ್ರೇ?” ಎಂದು ನಕ್ಕು ಲಿವರ್ ಎಳೆದೇ ಎಳೆದರು.

ಯಾಕೆ ಏನೂ ಆಗಿಲ್ಲ ಎಂದು ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕು. ಸಾಬರು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತರು.

ಹೆದ್ದಾರಿಯಲ್ಲಿ ಸ್ಟೇರಿಂಗು ಬಿಗಿಯತೊಡಗಿತು. “ನೋಡಿ ಸಾಬ್ರೇ, ಇವತ್ತು ಗಾಡಿಗೂ ರೋಷ ಬಂದಿದೆ!” ಎಂದು ಕೋದಂಡರಾಮಪ್ಪ ಖುಷಿಪಟ್ಟರು. ಸಾಬರು ಸೀಟಿನ ಕಂಬಿ ಹಿಡಿದು ಅಲ್ಲಾನನ್ನು ನೆನೆಯುತ್ತಿದ್ದರು. ದೇವರಾಯಸಮುದ್ರದ ಕಡೆ ಹೊರಳುವ ತಿರುವಿನಲ್ಲಿ ‘ಢಣ್’ ಎಂದು ಸದ್ದಾಯಿತು. ಜೀಪು ನಿಂತಿತು. ಕೆಸರು ಇನ್ನೂ ಒಂದು ಫರ್ಲಾಂಗು ದೂರವಿತ್ತು. ಚಕ್ರಕ್ಕೆ ಹನಿ ನೀರೂ ತಾಗಿರಲಿಲ್ಲ.

ಸಾಬರು ಕೆಳಗೆ ತೂರಿದರು. ಕೋದಂಡರಾಮಪ್ಪನವರೂ ಬಗ್ಗಿದರು. ಮುರಿದು ಜೋತಾಡುತ್ತಿದ್ದ ಶಾಫ್ಟಿನ ಬಣ್ಣ ಇನ್ನೂ ಹೊಳೆಯುತ್ತಿತ್ತು.

“ಇದೇನು, ಹೊಸದು?”

ಸಾಬರು ಮಲಗಿದಲ್ಲಿಂದಲೇ, ಪಿಸುದನಿಯಲ್ಲಿ, ಎಲ್ಲವನ್ನೂ ಹೇಳಿಬಿಟ್ಟರು. ಕೋದಂಡರಾಮಪ್ಪ ಆ ತುಂಡನ್ನೊಮ್ಮೆ ಮುಟ್ಟಿ ನೋಡಿದರು.

“ಏಮೈಂದಿ ಬಾವಾ, ಏನಾಯ್ತು?” ಎಂದು ಮುರಳಿ ಮಂಡಿಯ ಜನರೊಂದಿಗೆ ಬಂದ. ಬಿಳಿ ಷರಟು, ತೊಳೆದ ಗಾಡಿ.

ಕೋದಂಡರಾಮಪ್ಪ ಮೇಲೆದ್ದು ಪಂಚೆ ಕೊಡವಿಕೊಂಡರು. “ಸಾಬ್ರು ಡೂಪ್ಲಿಕೇಟ್ ಶಾಫ್ಟ್ ಹಾಕ್ಬಿಟ್ಟಿದಾರೆ. ಅಪ್ಪನ ಕಾಲದ್ದು ಬಿಚ್ಚಿ ಇದನ್ನ ಹಾಕಿದಾರೆ.”

ಜೀಪಿನ ಕೆಳಗಿದ್ದ ಸಾಬರು ಇದನ್ನು ಕೇಳಿಸಿಕೊಂಡರು. ಒಂದು ಮಾತು ಆಡಿದ್ದರೆ ಅವರ ಹೆಸರು ಉಳಿಯುತ್ತಿತ್ತು. ಹೊರಗೆ ಬಂದವರು ಕೋದಂಡರಾಮಪ್ಪನವರ ಕಣ್ಣು ನೋಡಿದರು. ಅದು ಬೇಡುತ್ತಿತ್ತು. “ಹೌದು, ನನ್ನದೇ ತಪ್ಪು. ವಯಸ್ಸಾಯ್ತು,” ಎಂದರು.

ಮುರಳಿ ಉದಾರಿಯಾದ. “ಪೋನಿ ಬಾವಾ, ಹೋಗ್ಲಿ ಬಿಡು, ತಪ್ಪು ಮೆಕ್ಯಾನಿಕ್‌ದು. ಪಂದ್ಯ ಬಿಟ್ಬಿಡೋಣ, ಜೀಪು ಇಟ್ಕೋ.” ತನ್ನ ಗಾಡಿಯನ್ನು ಅವನೂ ಕೆಸರಿಗಿಳಿಸಲಿಲ್ಲ, ಬಂದ ತಾರಿನ ಮೇಲೇ ತಿರುಗಿಸಿಕೊಂಡು ಹೋದ.

ಡೂಪ್ಲಿಕೇಟ್ ಅನ್ನುವ ಮಾತು ಮಾತ್ರ ಊರೂರು ತಿರುಗಿತು. ತಿಂಗಳೊಳಗೆ ಗ್ಯಾರೇಜು ಖಾಲಿ. ಕೋದಂಡರಾಮಪ್ಪ ಆಗಲೂ ಬರುತ್ತಿದ್ದರು, ಬೆಂಚಿನ ಮೇಲೆ ಕೂರುತ್ತಿದ್ದರು. ಭಾಷಣ ನಿಂತಿತ್ತು. ಸಾಬರು ಚಹಾ ತರಿಸಿಕೊಡುತ್ತಿದ್ದರು.

ಒಂದು ದಿನ ಭಾವನನ್ನು ಮದುವೆಯೊಂದಕ್ಕೆ ಕರೆದೊಯ್ಯಲು ಮುರಳಿ ಅಲ್ಲಿಗೇ ಬಂದ. ಅವನ ಗಾಡಿಯ ಕೆಳಗೆ ಕಿರ್ ಕಿರ್ ಸದ್ದು.

“ಸಾಬ್ರಿಗೆ ತೋರಿಸು,” ಎಂದರು ಕೋದಂಡರಾಮಪ್ಪ.

“ಡೂಪ್ಲಿಕೇಟ್ ಹಾಕೋರ ಹತ್ರಾನಾ? ನಾನು ಕೋಲಾರಕ್ಕೇ ಹೋಗ್ತೀನಿ.”

ಸಾಬರು ಕೇಳಿಸಿಯೂ ಕೇಳದವರಂತೆ ಸ್ಪ್ಯಾನರ್ ಒರೆಸುತ್ತಾ ನಿಂತರು. ಅದನ್ನು ನೋಡಲಾಗದೆ ಕೋದಂಡರಾಮಪ್ಪ ಎದ್ದರು.

“ಲೇ ಮುರಳಿ, ಇಳಿ ಕೆಳಗೆ. ನಮ್ಮಪ್ಪ ಶಾಫ್ಟ್ ಬಿಚ್ಚಿಸಿ ಇಪ್ಪತ್ತಾರು ವರ್ಷ ಆಗಿತ್ತಂತೆ. ನನ್ನ ಜೀಪಲ್ಲಿ ಫೋರ್ ವೀಲೇ ಇರ್ಲಿಲ್ಲ. ಸಾಬ್ರು ಹಾಕಿದ್ದೇ ಅಸಲಿ, ನಾನೇ ತಾರು ರೋಡಲ್ಲಿ ಓಡ್ಸಿ ಮುರಿದೆ. ಅವತ್ತು ಸುಳ್ಳು ಹೇಳ್ದೆ.” ಜೇಬಿನಿಂದ ಕೀಲಿ ತೆಗೆದು ಬಾಮೈದನ ಕೈಗಿಟ್ಟರು. “ಪಂದ್ಯ ನೀನೇ ಗೆದ್ದಿದ್ದು. ತಗೊಂಡೋಗು ಗುಜರಿಗೆ.”

ಮುರಳಿ ಕೀಲಿಯನ್ನೂ ಭಾವನನ್ನೂ ನೋಡಿದ. “ಮತ್ತೆ ಅಷ್ಟು ವರ್ಷ ತೋಟದ ದಿಣ್ಣೆ ಹತ್ತಿಸಿದ್ದು?”

“ಎರಡು ಚಕ್ರದಲ್ಲೇ,” ಎಂದರು ಸಾಬರು. “ಅದು ಇವರ ಕೈಗುಣ, ಗಾಡೀದಲ್ಲ.”

 ಮುರಳಿ ಕೀಲಿಯನ್ನು ಬೆಂಚಿನ ಮೇಲಿಟ್ಟು, “ಸರಿ, ನನ್ನ ಗಾಡಿ ಸದ್ದು ಏನು ನೋಡಿ ಸಾಬ್ರೇ,” ಎಂದ.

ಸಾಬರು ಗೋಣಿ ಹಾಸಿಕೊಂಡು ಹೊಸ ಗಾಡಿಯ ಕೆಳಗೆ ತೂರಿದರು. ಸದ್ದು ಒಂದು ಸಡಿಲ ಬೋಲ್ಟಿನದು. ಅದನ್ನು ಬಿಗಿದು, ಟಾರ್ಚನ್ನು ಹಿಂದಕ್ಕೆ ಹಾಯಿಸಿದರು. ಇಂಜಿನ್ನಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟು ಅಲ್ಲಿರಲಿಲ್ಲ. ಯಾರೂ ಬಿಚ್ಚಿದ್ದಲ್ಲ, ಕಂಪನಿಯವರು ಇಟ್ಟೇ ಇರಲಿಲ್ಲ; ಇಂಜಿನ್ ತಿರುಗಿಸುತ್ತಿದ್ದುದು ಮುಂದಿನ ಎರಡೇ ಚಕ್ರ. ಸ್ಟಿಕ್ಕರ್ ಮಾತ್ರ ಮುರಳಿ ತಾನೇ ಕೊಂಡು ಅಂಟಿಸಿದ್ದು.

“ಏನಾದ್ರೂ ಇದೆಯಾ ಸಾಬ್ರೇ?” ಎಂದು ಮುರಳಿ ಮೇಲಿನಿಂದ ಕೇಳಿದ.

ಸಾಬರು ಕೆಳಗಿನಿಂದಲೇ ಗಟ್ಟಿಯಾಗಿ ಇದ್ದದ್ದನ್ನು ಇದ್ದಂತೆ ಹೇಳಿದರು. ಇನ್ನೊಂದು ಇಪ್ಪತ್ತಾರು ವರ್ಷ ಬಾಯಿ ಮುಚ್ಚಿಕೊಂಡಿರಲು ಅವರಿಗೆ ಅಷ್ಟು ಆಯುಸ್ಸು ಉಳಿದಿರಲಿಲ್ಲ.