ಹೆಣ್ಣು ನೋಡಲು ಬಂದವರು ಸರ್ವರ್ ಹಾಕಿಸಿದರು

ಸೂಲಿಬೆಲೆಯಲ್ಲಿ ನನ್ನ ಗೆಳತಿ ಸಿಂಚನಳನ್ನು ನೋಡಲು ದೇವನಹಳ್ಳಿಯಿಂದ ಗಂಡಿನ ಕಡೆಯವರು ಬಂದಿದ್ದರು. ಕೇಸರಿಬಾತು, ಬೋಂಡ ಖಾಲಿಯಾದವು. ಕಾಫಿಯೂ ಆಯಿತು. ಎಲ್ಲರಂತೆ ಒಂದು ಹಾಡು ಹೇಳಿಸಿ ಎದ್ದು ಹೋಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಗಂಡಿನ ಅಣ್ಣ ವೇಣುಗೋಪಾಲ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಚಾಪೆಯ ಮೇಲಿಟ್ಟ.

"ಹಾಡೆಲ್ಲಾ ಬೇಡಮ್ಮ. ಸರ್ವರ್ ಕೆಲ್ಸ ಮಾಡ್ತೀನಿ ಅಂತೀಯಲ್ಲ, ಇದಕ್ಕೊಂದು ವೆಬ್ ಸರ್ವರ್ ಹಾಕು ನೋಡೋಣ. ಇಂಟರ್ನೆಟ್ ಇಲ್ಲ. ಬೇಕಾದ್ದೆಲ್ಲಾ ಈ ಪೆನ್‌ಡ್ರೈವಲ್ಲಿದೆ."

ವೇಣುಗೋಪಾಲನೂ ಅದೇ ಕಸುಬಿನವನು, ಏರ್‌ಪೋರ್ಟ್ ಹತ್ತಿರದ ಯಾವುದೋ ಕಂಪನಿಯಲ್ಲಿ. ಸಿಂಚನ ಮತ್ತು ನಾನು ಹೊಸಕೋಟೆಯ ಒಂದು ಆಫೀಸಿನಲ್ಲಿ ಅಕ್ಕಪಕ್ಕ ಕೂತು ಇದನ್ನೇ ಮಾಡುವವರು. ಮದುವೆಯಾದ ಮೇಲೂ ಕೆಲಸ ಬಿಡುವುದಿಲ್ಲ ಎಂಬುದೊಂದೇ ಅವಳ ಹಟ. ಆ ಹಟಕ್ಕೇ ಹಿಂದೆ ಬಂದ ಸಂಬಂಧಗಳು ತಪ್ಪಿಹೋಗಿದ್ದವು. ಈ ಸಲ ಗಂಡಿನ ತಾಯಿ ನರಸಮ್ಮ ಫೋನಿನಲ್ಲೇ ಹೇಳಿದ್ದರು, "ನಮ್ಮ ದೊಡ್ಡೋನು ನೋಡಿ ಹೂಂ ಅಂದ್ರೆ ಹೋಗ್ಲಿ ಬಿಡಿ ಕೆಲ್ಸಕ್ಕೆ."

ಹಾಗಾಗಿ ಈ ಪರೀಕ್ಷೆ ಸಿಂಚನಳಿಗೆ ವರವಾಗಿಯೇ ಕಂಡಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತಳು, ಪಕ್ಕದಲ್ಲಿ ನಾನು. ಅವರು ಏನೇ ಅಂದರೂ ಎದುರಾಡಬೇಡ ಎಂದು ಅವಳ ತಾಯಿ ಭಾಗ್ಯಮ್ಮ ಬೆಳಗಿನಿಂದ ಕಿವಿ ತೂತಾಗುವಷ್ಟು ಹೇಳಿದ್ದರು.

ವೆಬ್ ಸರ್ವರ್ ಎಂದರೆ ಕೇಳಿದವರಿಗೆ ವೆಬ್ ಪುಟ ಬಡಿಸುವ ಪ್ರೋಗ್ರಾಮು, ಅದೊಂದನ್ನೇ ಹಾಕಿದರೆ ಆಗುವುದಿಲ್ಲ. ಅದು ಓಡಲು ಲೈಬ್ರರಿ ಎಂಬ ಇನ್ನೊಂದು ಫೈಲಿನ ಆಸರೆ ಬೇಕು, ಆ ಲೈಬ್ರರಿಗೆ ಇನ್ನೊಂದು ಬೇಕು. ಮದುವೆಗೆ ಒಬ್ಬ ನೆಂಟನನ್ನು ಕರೆದರೆ ಅವನ ಹಿಂದೆ ಇಡೀ ಬೀದಿ ಬರುವ ಹಾಗೆ. ಸಿಂಚನ ಎಲ್ಲವನ್ನೂ ಹುಡುಕಿ ಹುಡುಕಿ ಹಾಕಿದಳು. ಕೊನೆಗೆ ಸರ್ವರ್ ಶುರು ಮಾಡಿದರೆ, ಒಂದು ಲೈಬ್ರರಿ ಸಿಗುತ್ತಿಲ್ಲ ಎಂದಿತು. ಅದನ್ನು ಮೊದಲೇ ಹಾಕಿ ಆಗಿದೆ ಎಂದು ಲ್ಯಾಪ್‌ಟಾಪ್ ಹೇಳುತ್ತಿತ್ತು, ಇರಬೇಕಾದ ಜಾಗದಲ್ಲಿ ಫೈಲು ಮಾತ್ರ ಇರಲಿಲ್ಲ. ಪೆನ್‌ಡ್ರೈವಿನಲ್ಲೂ ಇರಲಿಲ್ಲ.

"ಏನಮ್ಮಾ, ಆಗ್ಲಿಲ್ವಾ? ಆಫೀಸಲ್ಲಿ ಬರೀ ಟೀ ಕುಡಿಯೋದಾ?" ಎಂದು ವೇಣುಗೋಪಾಲ ನಕ್ಕ. ಗಂಡು ಕೆಂಪರಾಜನೂ ನಕ್ಕ. ಅವನು ಅಲ್ಲಿಯತನಕ ಮಾಡಿದ ಕೆಲಸ ಬೋಂಡ ತಿಂದದ್ದೊಂದೇ.

ಸಿಂಚನ ಇಡೀ ಡಿಸ್ಕ್ ಹುಡುಕಿಸಿದಳು. ಫೈಲು ಸಿಕ್ಕಿತು, ವೇಣುಗೋಪಾಲನ ಹೆಸರಿನ ಫೋಲ್ಡರಿನೊಳಗೆ. ಲೈಬ್ರರಿ ತಾನಾಗಿ ನಡೆದು ಹೋಗುವುದಿಲ್ಲ. ಅವನೇ ಎತ್ತಿ ಬಚ್ಚಿಟ್ಟು ಬಂದಿದ್ದ. ಕೇಳಿಯೇಬಿಡೋಣವೆಂದು ನಾನು ಬಾಯಿ ತೆರೆದೆ. ಸಿಂಚನ ನನ್ನ ಕೈ ಚಿವುಟಿದಳು. ಅಡುಗೆಮನೆಯ ಬಾಗಿಲಲ್ಲಿ ಭಾಗ್ಯಮ್ಮ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು.

ಸಿಂಚನ ಸದ್ದಿಲ್ಲದೆ ಫೈಲನ್ನು ಅದರ ಜಾಗಕ್ಕೆ ಹಾಕಿ ಸರ್ವರ್ ಶುರು ಮಾಡಿದಳು. ಬ್ರೌಸರಿನಲ್ಲಿ ಸರ್ವರಿನ ಪುಟ ತೆರೆದುಕೊಂಡಿತು. ಅವಳು ಮುಖವರಳಿಸಿ ಲ್ಯಾಪ್‌ಟಾಪನ್ನು ಎಲ್ಲರ ಕಡೆ ತಿರುಗಿಸಿದಳು.

"ಏನ್ ತೊಂದ್ರೆ ಇತ್ತು?" ಎಂದು ವೇಣುಗೋಪಾಲ ಕೇಳಿದ.

"ಒಂದು ಫೈಲು ಜಾಗ ತಪ್ಪಿತ್ತು."

"ಯಾರ್ ತಪ್ಸಿದ್ದು?"

ಸಿಂಚನ ತಲೆ ತಗ್ಗಿಸಿದಳು. "ಗೊತ್ತಿಲ್ಲ."

ಅವನು ತಾಯಿಯ ಕಡೆ ತಿರುಗಿದ. "ಅಮ್ಮಾ, ಎತ್ತಿಟ್ಟಿದ್ದು ನಾನೇ. ಕಣ್ಣಿಗೆ ಬೀಳ್ಲಿ ಅಂತ್ಲೇ ನನ್ನ ಹೆಸ್ರಿನ ಫೋಲ್ಡರಲ್ಲಿ ಇಟ್ಟಿದ್ದೆ. ಇವ್ಳಿಗೆ ಕೆಲ್ಸ ಬರುತ್ತಾ ಇಲ್ವಾ ಯಾರಿಗ್ ಬೇಕು? ಬಾಯಿ ಮಾಡ್ತಾಳಾ ಅಂತ ನೋಡ್ಬೇಕಿತ್ತು. ಮಾಡ್ಲಿಲ್ಲ. ಇಂಥೋಳನ್ನ ಆಫೀಸಿಗ್ ಕಳ್ಸಿ ಕೆಡ್ಸೋದ್ಯಾಕೆ? ಮನೇಲೇ ಇರ್ಲಿ."

"ನೀವು ಹೂಂ ಅಂದ್ರೆ ಕೆಲ್ಸಕ್ಕೆ ಹೋಗ್ಬೋದು ಅಂತ ನಿಮ್ಮಮ್ಮ ಅಂದಿದ್ರಲ್ಲಾ!" ನಾನು ಕೂಗಿಯೇಬಿಟ್ಟೆ.

"ಅಂದ್ರೆ ತಾನೇ? ಮದ್ವೆಗೆ ಹೂಂ ಅಂತೀನಿ. ಕೆಲ್ಸಕ್ಕೆ ಅನ್ನಲ್ಲ," ಎಂದ ವೇಣುಗೋಪಾಲ.

ಆಗ ಸಿಂಚನ ಬಾಯಿ ತೆರೆದಳು. "ಅಮ್ಮ, ಇವ್ರೇ ಬಚ್ಚಿಟ್ಟು..."

"ಸುಮ್ನಿರೇ," ಎಂದರು ಭಾಗ್ಯಮ್ಮ. "ಅವ್ರೇ ಒಪ್ಕೊಂಡ್ರಲ್ಲ. ಇನ್ನೇನೇ ನಿಂದು?"

ಅಷ್ಟರಲ್ಲಿ ತಾಂಬೂಲದ ತಟ್ಟೆ ಬಂತು. ಚಾಪೆಯ ಮೇಲೆ ಲ್ಯಾಪ್‌ಟಾಪ್ ಇದ್ದುದರಿಂದ ಇಡಲು ಜಾಗವಿರಲಿಲ್ಲ.

"ಅದನ್ನ ಮುಚ್ಚಿ ಆ ಕಡೆ ಇಡಮ್ಮ," ಎಂದರು ನರಸಮ್ಮ, ಬಲು ಪ್ರೀತಿಯಿಂದ.

ಸಿಂಚನ ಮುಚ್ಚಿ ಇಟ್ಟಳು.