ಸೂಜಿ ಕೆಂಪಿಗೆ ಬಂದಾಗ

ತಾಜುನ್ನಿಸಾ ತೀರಿಕೊಂಡು ಅಂದಿಗೆ ನಲವತ್ತು ದಿನ. ಅವಳ ಗಂಡ ಜಹಾಂಗೀರನ ಕಣ್ಣಿಂದ ಈವರೆಗೆ ಒಂದು ಹನಿ ಉದುರಿರಲಿಲ್ಲ. ಮಣ್ಣು ಕೊಟ್ಟು ಬಂದ ನಾಲ್ಕನೇ ದಿನಕ್ಕೇ ಲಾರಿ ಹತ್ತಿದ್ದ. ಸೇಡಂನ ಓಣಿಯವರು ಕಲ್ಲೆದೆಯವನು ಅಂದರು. ಅನ್ನಲಿ, ಅತ್ತಿದ್ದರೂ ಏನೋ ಒಂದು ಅನ್ನುತ್ತಿದ್ದರು. ಅವನಿಗೆ ಯಾವುದೂ ತಟ್ಟುತ್ತಿರಲಿಲ್ಲ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಅನ್ನುವುದೂ ನಾಲಿಗೆಗೆ ತಿಳಿಯುತ್ತಿರಲಿಲ್ಲ.

ನಲವತ್ತರ ದಿನ ರಜೆ ಕೇಳಿದ್ದರೆ ಸಿಗುತ್ತಿತ್ತು. ಮನೆಯಲ್ಲಿ ಕೂತು ಮಾಡುವುದೇನೆಂದು ಕೇಳಲಿಲ್ಲ. ಬೆಳಿಗ್ಗೆ ಹೊರಟಾಗ ಅತ್ತೆ, ತಾಜುನ್ನಿಸಾಳ ತಾಯಿ ಖುರ್ಷಿದಬೇಗಂ, ಬಾಗಿಲಿಗೆ ಅಡ್ಡ ನಿಂತಳು. ತೆಂಗಳಿಯ ಹೆಣ್ಣು, ಸಿಟ್ಟು ಬಂದರೆ ಉರ್ದು ಬಿಟ್ಟು ಕನ್ನಡಕ್ಕೇ ಇಳಿಯುವವಳು.

"ಇಳಿಹೊತ್ತಿನ ಅಸರ್ ನಮಾಜ್ ಮುಗದ ಕೂಡ್ಲೆ ಫಾತೇಹಾ ಅದ. ಆಕಿ ಇದ್ದಾಗಂತೂ ನೀ ಹೊತ್ತಿಗಿ ಬರಲಿಲ್ಲ. ಇದಕ್ಕರ ಬಾ."

"ಬರ್ತೀನಿ" ಅಂದ. ಸತ್ತವಳಿಗಾಗಿ ಅವನು ಇನ್ನು ಮಾಡಬಹುದಾದದ್ದು ಅವಳ ಹೆಸರಿನ ಆ ಪ್ರಾರ್ಥನೆಯೊಂದೇ ಉಳಿದಿತ್ತು.

ಕೋಡ್ಲಾ ಕಡೆ ಆಗಷ್ಟೇ ಸಿಮೆಂಟ್ ಕಾರ್ಖಾನೆ ಏಳುತ್ತಿದ್ದ ಕಾಲ. ವಾಡಿ ಸ್ಟೇಷನ್ನಿನಲ್ಲಿ ಇಳಿಯುವ ಭಾರೀ ಉಕ್ಕಿನ ಸಾಮಾನನ್ನು ಟ್ರೇಲರಿನಲ್ಲಿ ಎಳೆದು ತರಲು ಗುತ್ತೇದಾರನೊಬ್ಬ ಹೊರದೇಶದ ಹಳೇ ಲಾರಿ ತರಿಸಿದ್ದ. ಅದಕ್ಕೆ ಕ್ಲಚ್ಚಿಲ್ಲ, ಗೇರು ತಾನೇ ಬದಲಾಗುತ್ತದೆ. ಡ್ರೈವರನ ಎಡಗಾಲಿಗೆ ಕೆಲಸವೇ ಇಲ್ಲವಲ್ಲ, ಜನ ಅದಕ್ಕೆ ಸಾಹೇಬ್ ಗಾಡಿ ಅಂತ ಹೆಸರಿಟ್ಟರು. ಆದರೆ ಸಾಹೇಬನ ನಖರಾ ಕೇಳಬಾರದು. ಭಾರ ಎಳೆದು ಏರು ಹತ್ತಿದರೆ ಗೇರಿನ ಪೆಟ್ಟಿಗೆಯೊಳಗಿನ ಎಣ್ಣೆ ಕಾಯುತ್ತದೆ. ಕಾದದ್ದನ್ನು ತೋರಿಸಲು ಸ್ಟೀರಿಂಗ್ ಪಕ್ಕ ಒಂದು ಸೂಜಿ. ಅದು ಕೆಂಪು ಗೆರೆ ಮುಟ್ಟಿದರೆ ಗಾಡಿ ನಿಲ್ಲಿಸಿ, ನ್ಯೂಟ್ರಲ್ಲಿಗೆ ಹಾಕಿ, ಇಂಜಿನ್ ಓಡುತ್ತಲೇ ಇರಲು ಬಿಡಬೇಕು. ಇಲ್ಲದಿದ್ದರೆ ಪೆಟ್ಟಿಗೆ ಸುಟ್ಟು ಕರಕಲು. ಇಬ್ಬರು ಡ್ರೈವರರು ಹಾಗೆ ಪೆಟ್ಟಿಗೆ ಸುಟ್ಟೇ ಕೆಲಸ ಕಳೆದುಕೊಂಡು ಮನೆ ಸೇರಿದ್ದರು. ಜಹಾಂಗೀರ ಮಾತ್ರ ಮೂರು ವರ್ಷದಲ್ಲಿ ಒಮ್ಮೆಯೂ ಸೂಜಿಗೆ ಗೆರೆ ದಾಟಗೊಟ್ಟವನಲ್ಲ.

ಅಂದು ಟ್ರೇಲರಿನ ಮೇಲೆ ಕಾರ್ಖಾನೆಯ ಕುಲುಮೆಗೆ ತೊಡಿಸುವ ಉಕ್ಕಿನ ಭಾರೀ ಬಳೆ. ಚಿತ್ತಾಪುರ ಕಳೆದು, ಕಾಗಿಣಾ ಹೊಳೆ ದಾಟಿ, ಮಳಖೇಡದ ಏರು ಹತ್ತುವಾಗ ಬಿಸಿಲು ವಾಲಿತ್ತು. ಸೂಜಿ ಕೆಂಪು ಗೆರೆ ಮುಟ್ಟಿತು.

ಪಕ್ಕದಲ್ಲಿದ್ದವನು ಟ್ರೇಲರಿನ ಸಾಮಾನಿಗೆ ಸರಪಳಿ ಬಿಗಿಯುವ ಅಂಬರಾಯ, ವಯಸ್ಸಾದವನು. "ನಿಲ್ಲಸಬ್ಯಾಡ್ರಿ ಜಹಾಂಗೀರಭಾಯಿ" ಅಂದ. "ಏರು ಮುಗೀಲಿಕ್ಕಿ ಎರಡ ಫರ್ಲಾಂಗ್ ಅದ. ಇವತ್ತೊಂದಿನ ಸುಟ್ರ ಸುಡ್ಲಿ. ಫಾತೇಹಾ ತಪ್ಪತದ."

ಮಾತು ಸರಿಯಾಗಿಯೇ ಇತ್ತು. ಆದರೆ ಜಹಾಂಗೀರನ ಕಾಲು ಆಗಲೇ ಬ್ರೇಕಿನ ಮೇಲಿತ್ತು. ಹಾಳು ರೂಢಿ. ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟ. ಅಷ್ಟರಲ್ಲಿ ಇಂಜಿನ್ ಸದ್ದು ನಿಂತಿತು. ಕಾದ ಗಾಡಿಯನ್ನು ಬಂದ್ ಮಾಡುವುದು ನಮ್ಮ ಕಡೆಯ ಪದ್ಧತಿ, ಅಂಬರಾಯನೂ ಹಾಗೇ ಮಾಡಿದ್ದ.

"ಬಂದ್ ಮಾಡಬ್ಯಾಡ್ರಿ ಮಾಮಾ. ಎಣ್ಣಿ ತಿರಗೋದಿಲ್ಲ. ಒಳಗಿನ ಬಿಸಿ ಒಳಗೇ ಕುಂದರ್ತದ" ಎಂದು ಜಹಾಂಗೀರ ಮತ್ತೆ ಚಾಲೂ ಮಾಡಿದ.

ಹೋದ ವರ್ಷ ತಾಜುನ್ನಿಸಾಳನ್ನು ತವರಿನಿಂದ ಇದೇ ಲಾರಿಯಲ್ಲಿ ಕರೆತಂದಿದ್ದ. ಆಗಲೂ ಇದೇ ಜಾಗದಲ್ಲಿ ನಿಲ್ಲಿಸಿ ಅವಳಿಗೆ ಸೂಜಿ ತೋರಿಸಿದ್ದ. ಅವಳು ಅದನ್ನು ಮರೆಯಲಿಲ್ಲ. ಜ್ವರ ಹಿಡಿದ ಮೂರನೇ ದಿನ, ಅವನು ಕೆಲಸಕ್ಕೆ ಹೊರಟಾಗ ಚಾಪೆಯ ಮೇಲಿಂದಲೇ ಅಂದಿದ್ದಳು: "ನೋಡ್ರಿ, ನನ್ನ ಸೂಜೀನೂ ಕೆಂಪಿಗಿ ಬಂದದ. ಇವತ್ತ ನಿಲ್ಲಸ್ರಿ."

ಜಹಾಂಗೀರ ನಕ್ಕಿದ್ದ. ಬಂದ ಮೇಲೆ ದವಾಖಾನೆಗೆ ಹೋಗೋಣವೆಂದು ಹೇಳಿ ಹೊರಟಿದ್ದ. ಎರಡು ದಿನ ಬಿಟ್ಟು ಬಂದಾಗ ಮನೆಯ ಮುಂದೆ ಜನ ನೆರೆದಿದ್ದರು.

ಇದೂ ಅವನಿಗೆ ಬೇರೆ ಯಾರದೋ ಮನೆಯ ಸುದ್ದಿಯಂತೆ ನೆನಪಾಯಿತು. ಸೂಜಿಯನ್ನೇ ನೋಡುತ್ತ ಕೂತ. ದೂರದ ಮಸೀದಿಯಿಂದ ಅಸರ್‌ನ ಅಜಾನ್ ಕೇಳಿತು. ಅರ್ಧ ಗಂಟೆಯ ಮೇಲೆ ಸೂಜಿ ಇಳಿಯಿತು, ಲಾರಿ ಹೊರಟಿತು.

ಸೇಡಂ ಮುಟ್ಟಿದಾಗ ಸಂಜೆ ಕವಿದಿತ್ತು. ಅಂಬರಾಯನನ್ನು ಲಾರಿಯ ಹತ್ತಿರ ಬಿಟ್ಟು ಓಣಿಯೊಳಗೆ ನಡೆದ. ಜಮಖಾನೆ ಮಡಚಿಟ್ಟಿತ್ತು, ಬಂದವರೆಲ್ಲ ಹೋಗಿದ್ದರು. ಅವನ ಪಾಲಿನ ಬೆಲ್ಲದ ಮಲೀದಾ ಉಂಡೆಯ ತಟ್ಟೆಗೆ ಬಟ್ಟೆ ಮುಚ್ಚಿ ಖುರ್ಷಿದಬೇಗಂ ಒಬ್ಬಳೇ ಕೂತಿದ್ದಳು.

"ಯಾಕ ತಡ ಆತು?"

"ಗಾಡಿ ಗರಮ್ ಆಗಿತ್ತು. ನಿಲ್ಲಸ್ದೆ."

ಅಂದ ಮೇಲೆಯೇ ಆ ಮಾತು ಅವನ ಕಿವಿಗೆ ಬಿದ್ದದ್ದು. ಮಗಳ ಚಾಪೆಯ ಪಕ್ಕದಲ್ಲಿ ಅವತ್ತು ಕೂತಿದ್ದವಳು ಇದೇ ಖುರ್ಷಿದಬೇಗಂ. ಈಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಆಕೀನೂ ನಿಲ್ಲಸ್ರಿ ಅಂತ ಅಷ್ಟೇ ಕೇಳಿದ್ಳು, ಬೇಟಾ" ಅಂದು ತಟ್ಟೆ ಮುಂದಕ್ಕೆ ಸರಿಸಿದಳು.

ಜಹಾಂಗೀರ ಒಂದು ಚೂರು ಮುರಿದು ಬಾಯಿಗಿಟ್ಟ. ನಲವತ್ತು ದಿನದಲ್ಲಿ ಮೊದಲ ಸಲ ನಾಲಿಗೆಗೆ ರುಚಿ ಹತ್ತಿತು, ಬೆಲ್ಲ ಸಿಹಿಯಾಗಿತ್ತು. ಅದನ್ನು ನುಂಗಲು ಅವನಿಂದ ಆಗಲಿಲ್ಲ.